‘ಬೇಕಿತ್ತು’ ಅಂದರೆ ಈಗ ಬೇಕು: ಮಕ್ಕಳಿಗೆ ಇಂಗ್ಲಿಷಿನ ‘ಆಗಿದ್ದರೆ’ ಕಲಿಸುವ ಬಗೆ

ಶಿರಸಿಯ ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಯಾರಾದರೊಬ್ಬರು ಬಂದು ‘ಅರ್ಧ ಕೇಜಿ ಅವಲಕ್ಕಿ ಬೇಕಿತ್ತು’ ಅನ್ನುತ್ತಾರೆ. ಬೇಕಿತ್ತು! ಯಾವಾಗ ಬೇಕಿತ್ತು? ನಿನ್ನೆಯಾ, ಹೋದ ವಾರವಾ? ಅಂಗಡಿಯವರು ಇದನ್ನೆಲ್ಲ ಕೇಳುವುದಿಲ್ಲ. ಸುಮ್ನೆ ಅವಲಕ್ಕಿ ತೂಗಿ ಕೊಡುತ್ತಾರೆ. ಬಾಯಲ್ಲಿ ಭೂತಕಾಲ, ಬೇಕಾದದ್ದು ಈಗ. ಇಬ್ಬರಿಗೂ ಗೊಂದಲವಿಲ್ಲ.

ಇದೇ ಜನರ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ‘ಐ ವಿಶ್ ಐ ಹ್ಯಾಡ್ ಎ ಸೈಕಲ್’ ಎಂಬ ವಾಕ್ಯ ಬಂದಾಗ ಪೆನ್ನು ಕಚ್ಚುತ್ತ ಕೂರುತ್ತಾರೆ. ‘ಹ್ಯಾಡ್’ ಅಂದರೆ ಇತ್ತು ಎಂದು ಐದನೇ ಕ್ಲಾಸಿನಲ್ಲೇ ಕಲಿತಿದ್ದಾರೆ. ಹಾಗಾದರೆ ಇವನಿಗೆ ಮೊದಲು ಸೈಕಲ್ ಇತ್ತಾ? ಈಗ ಕಳೆದುಹೋಯಿತಾ? ಕದ್ದುಕೊಂಡು ಹೋದರಾ?

ನಾನು ಕಾರವಾರ, ಶಿರಸಿ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವಳು. ನಮ್ಮ ಜಿಲ್ಲೆಯಲ್ಲಿ ಮೇಡಂ ಅನ್ನುವುದಕ್ಕಿಂತ ‘ಅಕ್ಕೋರು’ ಅನ್ನುವುದೇ ರೂಢಿ. ಒಂದು ಜುಲೈ ತಿಂಗಳು, ಕಾರವಾರದ ಮಳೆ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ನನ್ನ ಮಾತು ಎರಡನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಡಿಸಿ ರಜೆ ಕೊಡಬಹುದಿತ್ತು ಎಂದು ಇಡೀ ತರಗತಿ ಮುಖ ಸಪ್ಪಗೆ ಮಾಡಿಕೊಂಡು ಕೂತಿತ್ತು. ಪಾಠ ಹೇಗೂ ಸಾಗುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದೆ: ‘ಇಫ್ ಐ ವರ್ ದ ಡಿಸಿ’. ಮುಂದಿನದನ್ನು ನೀವೇ ಬರೆಯಿರಿ ಎಂದೆ. ಕಿಟಕಿ ಪಕ್ಕದ ಹುಡುಗನೊಬ್ಬ ಕೈ ಎತ್ತಿದ. ‘ಅಕ್ಕೋರೇ, ವರ್ ಅಂದ್ರೆ ಆಗಿಹೋದದ್ದು ಅಲ್ವಾ? ನಾನು ಯಾವಾಗ ಡಿಸಿ ಆಗಿದ್ದೆ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ‘ಅದು ರೂಲ್, ಹಾಗೇ ಬರ್ಕೋ’ ಎಂದೆ. ನನ್ನ ಮಾಸ್ತರೂ ನನಗೆ ಹಾಗೇ ಹೇಳಿದ್ದರು. ಆದರೆ ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಕೊಡದೆ ತಪ್ಪಿಸಿಕೊಂಡವಳು ನಾನು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಭೂತಕಾಲದ ಕ್ರಿಯಾಪದ ಗಡಿಯಾರ ತೋರಿಸುತ್ತದೆ ಎಂದು ನಾವು ಮಕ್ಕಳಿಗೆ ಕಲಿಸಿರುತ್ತೇವೆ. ನಿನ್ನೆ ಹೋದೆ, ಇವತ್ತು ಹೋಗುತ್ತೇನೆ, ಅಷ್ಟೇ. ಅಸಲಿಗೆ ಅದು ತೋರಿಸುವುದು ದೂರ. ಬಹಳ ಸಲ ಆ ದೂರ ಕಾಲದ್ದು: ನಿನ್ನೆಯ ಮಾತು ಇವತ್ತಿನಿಂದ ದೂರ. ಕೆಲವು ಸಲ ಅದು ನಿಜದಿಂದ ದೂರ: ನಾನು ಡಿಸಿ ಅಲ್ಲ, ಸುಮ್ನೆ ಊಹೆ. ಇನ್ನು ಕೆಲವು ಸಲ ಎದುರಿಗಿರುವ ಮನುಷ್ಯನಿಂದ ದೂರ, ಅಂದರೆ ಮರ್ಯಾದೆ, ಸಂಕೋಚ. ‘ಅವಲಕ್ಕಿ ಬೇಕು’ ಎಂದರೆ ಸ್ವಲ್ಪ ಗಡಸು. ‘ಬೇಕಿತ್ತು’ ಎಂದರೆ ಒಂದು ಹೆಜ್ಜೆ ಹಿಂದೆ ನಿಂತು ಕೇಳಿದ ಹಾಗೆ. ‘ಸಾರ್, ಒಂದು ಸಹಿ ಬೇಕಿತ್ತು’, ‘ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು’ ಎಂಬುದೂ ಇದೇ. ಇಂಗ್ಲಿಷಿನಲ್ಲಿ ‘ಐ ವಾಂಟೆಡ್ ಟು ಆಸ್ಕ್ ಯೂ’ ಎನ್ನುವುದು, ‘ಕ್ಯಾನ್’ ಹೋಗಿ ‘ಕುಡ್’ ಆಗುವುದು, ‘ವಿಲ್’ ಹೋಗಿ ‘ವುಡ್’ ಆಗುವುದು ಈ ಕಾರಣಕ್ಕೇ. ಒಂದೇ ಸಲಕರಣೆ, ಮೂರು ಕೆಲಸ.

ಇದು ಇಂಗ್ಲಿಷಿನವರ ವಿಚಿತ್ರ ಎಂದುಕೊಂಡರೆ ನಮ್ಮ ಮಾತನ್ನು ನಾವೇ ಗಮನಿಸಿಲ್ಲ ಎಂದರ್ಥ. ‘ನಾಳೆ ಮಳೆ ಬಂದರೆ ರಜೆ’ ಎಂಬ ವಾಕ್ಯ ತೆಗೆದುಕೊಳ್ಳಿ. ಮಳೆ ಬರುವುದು ನಾಳೆ. ಆದರೆ ‘ಬಂದರೆ’ ಎಂಬ ಪದದ ಒಳಗೆ ಕೂತಿರುವುದು ‘ಬಂದ’. ಹೋದರೆ, ಬಿದ್ದರೆ, ತಿಂದರೆ, ಎಲ್ಲದರಲ್ಲೂ ಭೂತಕಾಲದ ರೂಪವೇ. ಮಗು ಹಲಸಿನ ಮರ ಹತ್ತಿದಾಗ ಅಮ್ಮ ಕೆಳಗಿನಿಂದ ‘ಬಿದ್ದೀಯೆ, ಜೋಕೆ!’ ಎಂದು ಕೂಗುತ್ತಾಳೆ. ಮಗು ಇನ್ನೂ ಬಿದ್ದಿಲ್ಲ. ಆದರೂ ‘ಬಿದ್ದೀಯೆ’ಯಲ್ಲಿ ‘ಬಿದ್ದ’ ಇದೆ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಕಲಿಸುವ ಬಂದಾನು, ಹೋದಾಳು, ಬಿದ್ದೀತುಗಳೂ ಇದೇ ಬುಡದಿಂದ ಚಿಗುರಿದವು. ಇದನ್ನು ಬೋರ್ಡಿನ ಮೇಲೆ ‘ಬಂದ’, ‘ರೆ’ ಎಂದು ಬಿಡಿಸಿ ತೋರಿಸಿದ ದಿನ ತರಗತಿಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ‘ನಿಂತರೆ, ಕೂತರೆ, ಓಡಿದರೆ’ ಎಂದು ಶುರು ಮಾಡಿದರು.

ಇನ್ನೂ ಒಂದು ಇದೆ. ಇದು ನನಗೇ ತಡವಾಗಿ ಹೊಳೆದದ್ದು. ‘ಅಜ್ಜಿ ದಿನಾ ರಾತ್ರಿ ಕತೆ ಹೇಳುತ್ತಿದ್ದಳು’ ಎಂದರೆ ಅದು ನಿಜವಾಗಿ ನಡೆದದ್ದು. ‘ಅಜ್ಜಿ ಇದ್ದಿದ್ದರೆ ಕತೆ ಹೇಳುತ್ತಿದ್ದಳು’ ಎಂದರೆ ನಡೆಯದ್ದು. ಎರಡಕ್ಕೂ ‘ಹೇಳುತ್ತಿದ್ದಳು’ ಒಂದೇ. ಇಂಗ್ಲಿಷಿನ ‘ವುಡ್’ ನೋಡಿ. ಹಳೆಯ ರೂಢಿ ಹೇಳುವಾಗಲೂ ‘ಗ್ರ್ಯಾಂಡ್‌ಮದರ್ ವುಡ್ ಟೆಲ್ ಸ್ಟೋರೀಸ್’, ಊಹೆಯಲ್ಲೂ ‘ಶಿ ವುಡ್ ಟೆಲ್’. ನಮ್ಮ ‘ತ್ತಿದ್ದ’ ಮಾಡುವ ಎರಡೂ ಕೆಲಸಗಳನ್ನು ಅವರ ‘ವುಡ್’ ಮಾಡುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಹಾಗಾಗಿ ‘ವುಡ್’ ಅಂದರೆ ಏನು ಎಂದು ಮಗು ಕೇಳಿದಾಗ ನಾನು ‘ವಿಲ್‌ನ ಭೂತಕಾಲ’ ಎಂದು ಹೇಳುವುದನ್ನು ಬಿಟ್ಟೆ. ‘ನಮ್ಮ ತ್ತಿದ್ದೆ’ ಎನ್ನುತ್ತೇನೆ. ಮೊದಲ ದಿನ ಇನ್ನೊಂದು ಅಡ್ಡಿ ಇರುತ್ತದೆ ಬಿಡಿ: ಕಟ್ಟಿಗೆಗೂ ‘ವುಡ್’, ಇದಕ್ಕೂ ‘ವುಡ್’. ಅಡಿಕೆ ಬೇಯಿಸಲು ಕಟ್ಟಿಗೆ ಒಟ್ಟುವ ಮನೆಯಿಂದ ಬಂದ ಹುಡುಗಿ ‘ಐ ವುಡ್ ಗೋ’ ಕೇಳಿ ನಾನೇಕೆ ಕಟ್ಟಿಗೆ ಎಂದು ಯೋಚಿಸಿದರೆ ಅವಳ ತಪ್ಪಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾನು ಬೋರ್ಡಿನ ಮೇಲೆ ಕಡಲು ಬರೆಯುತ್ತೇನೆ. ಈಚೆಗೆ ದಡ, ಸ್ವಲ್ಪ ದೂರದಲ್ಲಿ ಒಂದು ನಡುಗಡ್ಡೆ, ಅದರಾಚೆ ಇನ್ನೊಂದು. ಕಾರವಾರದ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಟಾಗೋರ್ ಕಡಲತೀರದಲ್ಲಿ ನಿಂತರೆ ಕಣ್ಣೆದುರೇ ಇದೆ. ದಡ ಎಂದರೆ ನಿಜ, ಅಥವಾ ನಿಜವಾಗಬಹುದಾದದ್ದು. ಅಲ್ಲಿ ವರ್ತಮಾನಕಾಲ: ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ’. ಮೊದಲ ನಡುಗಡ್ಡೆ ಎಂದರೆ ಈಗ ಇಲ್ಲದ್ದು. ಅಲ್ಲಿಗೆ ಹೋಗಲು ಕ್ರಿಯಾಪದವನ್ನು ಒಂದು ಸಲ ಹಿಂದಕ್ಕೆ ತಳ್ಳಬೇಕು. ‘ಹ್ಯಾವ್’ ಹೋಗಿ ‘ಹ್ಯಾಡ್’, ‘ವಿಲ್’ ಹೋಗಿ ‘ವುಡ್’. ‘ಇಫ್ ಐ ಹ್ಯಾಡ್ ಎ ಬೋಟ್, ಐ ವುಡ್ ಗೋ ಟು ಕೂರ್ಮಗಡ’. ಆಚೆಯ ನಡುಗಡ್ಡೆ ಎಂದರೆ ಆಗ ಆಗದೇ ಹೋದದ್ದು. ಅದಕ್ಕೆ ಎರಡು ಸಲ ತಳ್ಳಬೇಕು: ಒಂದು ತಳ್ಳು ಕಾಲ ಹಿಂದೆ ಹೋದದ್ದಕ್ಕೆ, ಇನ್ನೊಂದು ನಿಜವಲ್ಲ ಎನ್ನುವುದಕ್ಕೆ. ‘ಇಫ್ ಐ ಹ್ಯಾಡ್ ಹ್ಯಾಡ್ ಎ ಬೋಟ್, ಐ ವುಡ್ ಹ್ಯಾವ್ ಗಾನ್’. ‘ಹ್ಯಾಡ್ ಹ್ಯಾಡ್’ ಕೇಳಿದ ಕೂಡಲೇ ಮಕ್ಕಳಿಗೆ ನಗು. ನಮ್ಮಲ್ಲಿ ‘ಇದ್ದಿದ್ದರೆ’ ಇಲ್ವಾ ಎಂದು ಕೇಳಿ. ‘ಇದ್ದ’ ಎರಡು ಸಲ ಅಲ್ಲೂ ಇದೆ.

ದಡಕ್ಕೂ ಮೊದಲ ನಡುಗಡ್ಡೆಗೂ ಇರುವ ಅಂತರವೇ ಎಲ್ಲಕ್ಕಿಂತ ಕಷ್ಟದ ಜಾಗ. ಏಕೆಂದರೆ ಕನ್ನಡದಲ್ಲಿ ‘ಅಪ್ಪ ಕಡಲಿಗೆ ಹೋದರೆ ಬಂಗಡೆ ತರುತ್ತಾನೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ. ಆಗುವುದೋ ಆಗದೋ ಎಂಬುದನ್ನು ಕೇಳುವವರು ಸಂದರ್ಭ ನೋಡಿ ತಿಳಿಯುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ನೀನು ಇದನ್ನು ಆಗಬಹುದು ಎಂದು ನಂಬುತ್ತೀಯೋ ಇಲ್ಲವೋ, ಮೊದಲು ಹೇಳು, ಆಮೇಲೆ ಕ್ರಿಯಾಪದ ಆರಿಸಿಕೋ ಎನ್ನುತ್ತದೆ.

ಇದಕ್ಕೆ ನಮ್ಮ ಕರಾವಳಿಯ ಕ್ಯಾಲೆಂಡರ್‌ನಷ್ಟು ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಬೋಟುಗಳು ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಬೋಟಿಗೆ ಹೋಗುವ ಅಪ್ಪ ಇರುವ ಮಗುವಿಗೆ ಸೆಪ್ಟೆಂಬರಿನಲ್ಲಿ ಕೇಳಿ, ‘ಇಫ್ ಮೈ ಫಾದರ್ ಗೋಸ್ ಟು ಸೀ ಟುಡೇ, ಹಿ ವಿಲ್ ಬ್ರಿಂಗ್ ಫಿಶ್’. ಅಪ್ಪ ಹೋಗಲೂಬಹುದು. ಜುಲೈ 15ಕ್ಕೆ ಅದೇ ಮಗು ಅದೇ ಮಾತು ಹೇಳಬೇಕಾದರೆ ‘ಇಫ್ ಮೈ ಫಾದರ್ ವೆಂಟ್ ಟು ಸೀ ಟುಡೇ, ಹಿ ವುಡ್ ಬ್ರಿಂಗ್ ಫಿಶ್’ ಎನ್ನಬೇಕು. ‘ಟುಡೇ’ ಎರಡೂ ಕಡೆ ಇದೆ, ‘ವೆಂಟ್’ ಮಾತ್ರ ಹೊಸತು. ಬದಲಾದದ್ದು ಕಾಲವಲ್ಲ, ಬೋಟು ಹೋಗುವ ಸಾಧ್ಯತೆ. ಕ್ಯಾಲೆಂಡರ್ ಗೋಡೆಗೆ ತೂಗುಹಾಕಿ ತಿಂಗಳು ತೋರಿಸುತ್ತ ಹೋದರೆ ಮಕ್ಕಳೇ ‘ಗೋಸ್’, ‘ವೆಂಟ್’ ಎಂದು ಕೂಗುತ್ತಾರೆ. ಆಗಸ್ಟ್ 1ಕ್ಕೆ ಬಂದಾಗ ‘ಗೋಸ್’ ಕೂಗು ಜೋರಾಗಿ ಬಂದಿತ್ತು ನಮ್ಮ ತರಗತಿಯಲ್ಲಿ.

ಘಟ್ಟದ ಮೇಲಿನ ಮಕ್ಕಳಿಗೆ ಬೇರೆ ಉದಾಹರಣೆ ಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೊಟ್ಟಿಲು, ಸರ್ಕಸ್ಸು, ಬಳೆ, ಮಿಠಾಯಿ ಎಲ್ಲ ಮುಗಿದ ಮೇಲೆ ಮುಂದಿನ ಜಾತ್ರೆಗೆ ಇಡೀ ಒಂದು ವರ್ಷ ಖಾಲಿ ಹೋಗುತ್ತದೆ. ‘ವರ್ಷಾ ವರ್ಷ ಜಾತ್ರೆ ಇದ್ದಿದ್ರೆ ಎಷ್ಟು ಚಲೋ ಇತ್ತು’ ಎಂದು ಅನ್ನದ ಮಗು ಶಿರಸಿಯಲ್ಲಿ ಇಲ್ಲ. ಇದನ್ನು ಹಾಗೇ ಎತ್ತಿಕೊಳ್ಳಿ: ‘ಐ ವಿಶ್ ದ ಜಾತ್ರೆ ಕೇಮ್ ಎವ್ರಿ ಇಯರ್’. ಜಾತ್ರೆಗೆ ಇಂಗ್ಲಿಷ್ ಪದ ಹುಡುಕುತ್ತ ಕೂರಬೇಡಿ. ಇಲ್ಲಿ ಕಲಿಸುವುದು ‘ಕೇಮ್’, ಜಾತ್ರೆಯನ್ನಲ್ಲ.

‘ಎಷ್ಟು ಚಲೋ ಇತ್ತು’ ಎಂಬ ಈ ಬಾಲವೇ ‘ವಿಶ್’ಗೆ ನಮ್ಮಲ್ಲಿರುವ ಸರಿಯಾದ ಜೋಡಿ. ನಿಘಂಟು ನೋಡಿದರೆ ಆಸೆ, ಬಯಕೆ, ಹಾರೈಕೆ ಎಂದೆಲ್ಲ ಇರುತ್ತದೆ. ಅದನ್ನು ನಂಬಿದ ಮಗು ‘ನನಗೆ ಐಸ್‌ಕ್ರೀಮ್ ತಿನ್ನುವ ಆಸೆ’ ಎನ್ನುವುದಕ್ಕೆ ‘ಐ ವಿಶ್ ಐ ಈಟ್ ಐಸ್‌ಕ್ರೀಮ್’ ಎಂದು ಬರೆಯುತ್ತದೆ. ಅಲ್ಲಿ ಬೇಕಾದದ್ದು ‘ಐ ವಾಂಟ್’ ಅಥವಾ ‘ಐ ವುಡ್ ಲೈಕ್’. ಇನ್ನೊಂದು ತೊಡಕು ನಮ್ಮ ಮನೆಗಳಲ್ಲೇ ಇದೆ. ‘ಅಂಕಲ್‌ಗೆ ವಿಶ್ ಮಾಡು’, ‘ಬರ್ತ್‌ಡೇ ವಿಶ್ ಮಾಡಿದ್ಯಾ?’ ಎಂದು ಕೇಳುತ್ತ ಬೆಳೆದ ಮಗುವಿಗೆ ‘ವಿಶ್’ ಎಂದರೆ ನಮಸ್ಕಾರ, ಶುಭಾಶಯ. ಅದೂ ತಪ್ಪಲ್ಲ, ‘ಐ ವಿಶ್ ಯೂ ಎ ಹ್ಯಾಪಿ ಬರ್ತ್‌ಡೇ’ ಸರಿಯಾದ ಇಂಗ್ಲಿಷೇ. ಆದರೆ ‘ವಿಶ್’ ಮುಂದೆ ಒಂದು ಪೂರ್ತಿ ವಾಕ್ಯ ಬಂತೆಂದರೆ ಅದು ಕೊರಗು. ಇಲ್ಲದ್ದರ ಕೊರಗು.

ಕೊರಗಲ್ಲ, ಇನ್ನೂ ಆಗಬಹುದು ಎಂಬ ನಿರೀಕ್ಷೆ ಇದ್ದರೆ ‘ಹೋಪ್’. ‘ಐ ವಿಶ್ ಯೂ ವಿಲ್ ಪಾಸ್’ ಎಂದು ದೊಡ್ಡವರೂ ಕಾರ್ಡಿನಲ್ಲಿ ಬರೆಯುತ್ತಾರೆ, ಅದು ‘ಐ ಹೋಪ್ ಯೂ ಪಾಸ್’ ಆಗಬೇಕು. ‘ಐ ವಿಶ್ ಯೂ ಪಾಸ್ಡ್’ ಎಂದು ಬರೆದರೆ ಏನಾಗುತ್ತದೆ ಗೊತ್ತಾ? ನೀನು ಪಾಸಾಗುವವನಲ್ಲ, ಪಾಸಾಗುತ್ತಿದ್ದರೆ ಚಲೋ ಇತ್ತು ಎಂದ ಹಾಗೆ. ಪರೀಕ್ಷೆಗೆ ಮುಂಚೆ ಕೊಡುವ ಕಾರ್ಡು ಅದು!

‘ವಿಶ್’ ಜೊತೆ ‘ವುಡ್’ ಬರುವ ಒಂದು ಜಾಗ ಇದೆ, ಮಕ್ಕಳಿಗೆ ಬಹಳ ಪ್ರಿಯವಾದದ್ದು. ಬೇರೆಯವರು ಅಥವಾ ಬೇರೆ ಏನಾದರೂ ನಮ್ಮನ್ನು ಕಾಡುತ್ತಿದ್ದು, ಅದು ಬದಲಾಗಲಿ ಅನ್ನಿಸಿದಾಗ. ‘ಐ ವಿಶ್ ದ ರೇನ್ ವುಡ್ ಸ್ಟಾಪ್’. ‘ಐ ವಿಶ್ ಮೈ ಬ್ರದರ್ ವುಡ್ ಗಿವ್ ಬ್ಯಾಕ್ ಮೈ ಪೆನ್’. ಅಣ್ಣ, ತಮ್ಮ, ಪಕ್ಕದ ಮನೆಯ ಹುಂಜ, ಎಲ್ಲರ ಮೇಲಿನ ಸಿಟ್ಟೂ ಇದರಲ್ಲಿ ಇಳಿಯುತ್ತದೆ. ಒಂದೇ ಷರತ್ತು: ತನ್ನ ಬಗ್ಗೆ ಹೇಳುವಾಗ ‘ಐ ವಿಶ್ ಐ ವುಡ್’ ಹೇಳುವುದಿಲ್ಲ, ‘ಐ ವಿಶ್ ಐ ಕುಡ್’ ಎನ್ನಬೇಕು.

‘ವರ್’ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ, ಆದರೆ ಆ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಿಜ ಹೇಳಲು ಒಂದು, ಊಹೆ ಮತ್ತು ಹಾರೈಕೆಗೆ ಇನ್ನೊಂದು, ಹೀಗೆ ಬೇರೆ ಬೇರೆ ಕ್ರಿಯಾರೂಪಗಳಿದ್ದವು. ಬರಬರುತ್ತ ಪದಗಳ ತುದಿ ಸವೆದು ಎರಡೂ ಒಂದೇ ಥರ ಕಾಣತೊಡಗಿದವು. ಊಹೆಯ ‘ಹ್ಯಾಡ್’ ನಿನ್ನೆಯ ‘ಹ್ಯಾಡ್’ ಹಾಗೇ ಕಾಣುವುದು ಅದಕ್ಕೇ. ಸವೆಯದೆ ಉಳಿದ ಚೂರು ‘ಐ ವರ್’. ‘ಗಾಡ್ ಸೇವ್ ದ ಕಿಂಗ್’ ಎನ್ನುವಾಗ ‘ಸೇವ್ಸ್’ ಆಗದೆ ‘ಸೇವ್’ ಆಗಿಯೇ ನಿಂತಿರುವುದೂ ಇಂಥದ್ದೇ ಹಳೆಯ ಉಳಿಕೆ. ಮಾತಿನಲ್ಲಿ ‘ಇಫ್ ಐ ವಾಸ್’ ಎನ್ನುವ ಇಂಗ್ಲಿಷರು ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆಯಲ್ಲಿ ‘ವರ್’ ಬರೆಯಿರಿ, ‘ಇಫ್ ಐ ವರ್ ಯೂ’ ಎಂಬುದನ್ನು ಇಡಿಯಾಗಿ ಬಾಯಿಪಾಠ ಮಾಡಿಸಿ. ಮಾತಾಡುವಾಗ ಮಗು ‘ವಾಸ್’ ಎಂದರೆ ಬಿಟ್ಟುಬಿಡಿ.

ಎರಡು ತಪ್ಪುಗಳನ್ನು ಮಾತ್ರ ಬಿಡಬೇಡಿ. ಒಂದು, ‘ಇಫ್ ಇಟ್ ವಿಲ್ ರೇನ್’. ಇನ್ನೊಂದು, ‘ಇಫ್ ಐ ವುಡ್ ಹ್ಯಾವ್ ಎ ಬೋಟ್, ಐ ವುಡ್ ಗೋ’. ಎರಡಕ್ಕೂ ಮದ್ದು ಒಂದೇ. ಷರತ್ತು ಹೇಳುವ ತುಂಡಿನಲ್ಲಿ ‘ಇಫ್’ ಇದೆ, ‘ವಿಲ್’ ಮತ್ತು ‘ವುಡ್’ ಅಲ್ಲಿಗೆ ಬೇಡ. ಅವು ಫಲ ಹೇಳುವ ತುಂಡಿಗೆ. ನಮ್ಮಲ್ಲೂ ‘ರೆ’ ಒಂದು ತುಂಡಿಗೆ, ‘ತ್ತಿದ್ದೆ’ ಇನ್ನೊಂದಕ್ಕೆ. ಎರಡು ಬಣ್ಣದ ಚೀಟಿಗಳಲ್ಲಿ ಅರ್ಧರ್ಧ ವಾಕ್ಯ ಬರೆದು ಜೋಡಿಸಲು ಕೊಟ್ಟರೆ ಒಂದೇ ಗಂಟೆಯಲ್ಲಿ ಕೂರುತ್ತದೆ. (ದೊಡ್ಡವರ ವಿಷಯಕ್ಕೆ ಈ ಗಂಟೆ ಸಾಲದು. ‘ದ ಫಂಕ್ಷನ್ ವುಡ್ ಬಿ ಹೆಲ್ಡ್ ಆನ್ ಸಂಡೇ’ ಎಂಬ ಆಮಂತ್ರಣ ನೋಡಿದಾಗಲೆಲ್ಲ ನನಗೆ ‘ನಡೆಯುತ್ತಿತ್ತು, ಆದರೆ?’ ಎಂದು ಕೇಳಬೇಕು ಅನ್ನಿಸುತ್ತದೆ. ‘ವುಡ್’ ಹಾಕಿದರೆ ಗೌರವ ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿ ಹೇಗೋ ಸೇರಿಕೊಂಡಿದೆ.)

ಆಚೆಯ ನಡುಗಡ್ಡೆಗೆ, ಅಂದರೆ ಆಗದೇ ಹೋದದ್ದಕ್ಕೆ, ನಾನು ಮೊದಲು ‘ಬೇಗ ಹೊರಟಿದ್ದರೆ ಬಸ್ಸು ಸಿಗುತ್ತಿತ್ತು’ ಎಂಬಂಥ ಮಾಮೂಲಿ ಉದಾಹರಣೆ ಕೊಡುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಮರೆಯುತ್ತಿದ್ದರು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಕಾಪಾಡಿದರು. ಬೆಳಗಾದ ಮೇಲೆ ಊರಿಗೆ ಊರೇ ಹೇಳಿದ್ದು ಒಂದೇ ವಾಕ್ಯ: ‘ಹಗಲು ಬಿದ್ದಿದ್ರೆ ಏನು ಗತಿ ಆಗ್ತಿತ್ತು!’ ಹೋಟೆಲಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯ ಜಗಲಿಯಲ್ಲಿ ಇದೇ ಮಾತು. ದಿನಾ ನದಿ ದಾಟಿ ಬರುವ ಮಕ್ಕಳಿಗೆ ಅದು ವ್ಯಾಕರಣದ ಉದಾಹರಣೆ ಆಗಿರಲಿಲ್ಲ.

ಆ ವಾಕ್ಯವನ್ನು ನಾವು ಬೋರ್ಡಿಗೆ ತಂದೆವು. ‘ಇಫ್ ದ ಬ್ರಿಜ್ ಹ್ಯಾಡ್ ಫಾಲನ್ ಇನ್ ದ ಮಾರ್ನಿಂಗ್, ಮೆನಿ ಪೀಪಲ್ ವುಡ್ ಹ್ಯಾವ್ ಡೈಡ್’. ಬಿದ್ದದ್ದು ನಿಜ, ಬೆಳಗ್ಗೆ ಬಿದ್ದದ್ದು ಸುಳ್ಳು, ಸತ್ತದ್ದು ಸುಳ್ಳು, ಎಲ್ಲ ಮುಗಿದುಹೋದ ರಾತ್ರಿಯ ಸಂಗತಿ. ಎರಡು ತಳ್ಳು ಏಕೆ ಬೇಕು ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ಇಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ‘ಈಗ ದುಡ್ಡಿದ್ದರೆ ಕೊಡುತ್ತಿದ್ದೆ’, ‘ನಿನ್ನೆ ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’. ನಮ್ಮ ‘ಕೊಡುತ್ತಿದ್ದೆ’ ಎರಡಕ್ಕೂ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ವುಡ್ ಗಿವ್’, ಎರಡನೆಯದು ‘ವುಡ್ ಹ್ಯಾವ್ ಗಿವನ್’. ಕನ್ನಡದಿಂದ ಯೋಚಿಸುವ ಮಗು ಎರಡಕ್ಕೂ ‘ವುಡ್ ಗಿವ್’ ಬರೆದರೆ ಅದು ಅಸಡ್ಡೆ ಅಲ್ಲ. ಅದರ ಭಾಷೆಯಲ್ಲಿ ಆ ಭೇದ ಮೊದಲ ತುಂಡಿನಲ್ಲೇ ಮುಗಿದಿರುತ್ತದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನನ್ನ ತರಗತಿಯಲ್ಲಿ ಈ ಹಂತದಲ್ಲಿ ಎಡವಿದ ಮಕ್ಕಳಲ್ಲಿ ಹೆಚ್ಚಿನವರು ಊಹೆಯಲ್ಲಿ ಎಡವಿದವರಲ್ಲ. ‘ಫಾಲ್, ಫೆಲ್, ಫಾಲನ್’ ಬಾಯಿಗೆ ಬಾರದೆ ಎಡವಿದವರು. ಅದಕ್ಕೆ ಮಗ್ಗಿಯ ಹಾಗೆ ದಿನಕ್ಕೆ ಐದು ಕ್ರಿಯಾಪದ ಹೇಳಿಸುವುದೇ ದಾರಿ, ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಮಗುವಿಗೆ ಭಾಷೆ ಬಾರದಿದ್ದರೆ ಕಲ್ಪನೆಯೇ ಇಲ್ಲ ಎಂದುಕೊಳ್ಳುವ ಚಾಳಿ ದೊಡ್ಡ ದೊಡ್ಡ ವಿದ್ವಾಂಸರಲ್ಲೂ ಇತ್ತು. ಚೀನೀ ಭಾಷೆಯಲ್ಲಿ ಹೀಗೆ ‘ಆಗಿದ್ದರೆ’ ಎನ್ನಲು ಇಂಗ್ಲಿಷಿನಂಥ ಪ್ರತ್ಯೇಕ ಕ್ರಿಯಾರೂಪ ಇಲ್ಲ. ಅದನ್ನು ಹಿಡಿದುಕೊಂಡು ಅಮೆರಿಕದ ಆಲ್ಫ್ರೆಡ್ ಬ್ಲೂಮ್ ಎಂಬ ಸಂಶೋಧಕರು, ಚೀನೀ ಮಾತಾಡುವವರಿಗೆ ನಡೆಯದ ಸಂಗತಿಯನ್ನು ಊಹಿಸಿ ತರ್ಕ ಮಾಡುವುದು ಹೆಚ್ಚು ಕಷ್ಟ ಎಂದು 1981ರಲ್ಲಿ ವಾದಿಸಿದರು. 1983ರಲ್ಲಿ ಟೆರ್ರಿ ಔ ಎಂಬ ಇನ್ನೊಬ್ಬ ಸಂಶೋಧಕಿ ಅದೇ ಬಗೆಯ ಪ್ರಯೋಗ ಮತ್ತೆ ಮಾಡಿದರು, ಆದರೆ ಕತೆಗಳನ್ನು ಸಹಜವಾದ ಚೀನೀಯಲ್ಲಿ ಬರೆದು ಕೊಟ್ಟರು. ಓದಿದವರು ಸಲೀಸಾಗಿ ಉತ್ತರಿಸಿದರು. ನಮ್ಮ ತರಗತಿಗಳಲ್ಲೂ ಎಷ್ಟೋ ಸಲ ಆಗುವುದು ಇದೇ. ‘ಒಂದು ವೇಳೆ ನಾನು ಪಕ್ಷಿಯಾಗಿದ್ದಿದ್ದಲ್ಲಿ’ ಎಂದು ಯಾರೂ ಆಡದ ಕನ್ನಡದಲ್ಲಿ ಅರ್ಥ ಹೇಳುತ್ತೇವೆ. ಮಗುವಿಗೆ ಆ ಕನ್ನಡವೂ ಪರಭಾಷೆ. ಕಾರವಾರದಲ್ಲಿ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ, ಅವರಿಗಂತೂ ಎರಡು ಗೋಡೆ. ಅಂಥವರಿಗೆ ‘ನಿಮ್ಮ ಮನೇಲಿ ಇದನ್ನು ಹೇಗೆ ಹೇಳ್ತೀರಿ?’ ಎಂದು ಕೇಳಿ, ಅವರ ಮಾತಿನಿಂದಲೇ ಶುರು ಮಾಡುವುದು ಒಳ್ಳೆಯದು.

ಎಲ್ಲಿಂದ ಶುರು ಮಾಡಬೇಕು ಎಂದು ಪಾಲಕರು ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ‘ಇಫ್’ ಬೇಡವೇ ಬೇಡ. ಅವರು ಆಡುವ ಆಟವನ್ನು ನೋಡಿ. ‘ನಾನು ಕಂಡಕ್ಟರ್ ಅಂತೆ, ನೀನು ಪ್ಯಾಸೆಂಜರ್ ಅಂತೆ, ಇದು ಬಸ್ ಅಂತೆ’. ಒಂದು ‘ಅಂತೆ’ಯಲ್ಲಿ ಇಡೀ ಊಹಾಲೋಕ ಕಟ್ಟುತ್ತಾರೆ. ಅದೇ ಆಟದೊಳಗೆ ‘ಲೆಟ್ಸ್ ಪ್ರಿಟೆಂಡ್’ ಎಂಬ ಒಂದು ಮಾತು ಸೇರಿಸಿ. ಅದರ ನಂತರ ವರ್ತಮಾನಕಾಲವೇ ನಡೆಯುತ್ತದೆ: ‘ಲೆಟ್ಸ್ ಪ್ರಿಟೆಂಡ್ ದಿಸ್ ಈಸ್ ಎ ಬಸ್’. ಆಮೇಲೆ ‘ಐ ವುಡ್ ಲೈಕ್ ಎ ಟಿಕೆಟ್’, ಅರ್ಥ ವಿವರಿಸದೆ. ನಾಲ್ಕೈದನೇ ಕ್ಲಾಸಿಗೆ ಬರುವಾಗ ‘ಐ ಹೋಪ್’, ಆರರ ಹೊತ್ತಿಗೆ ‘ಐ ವಿಶ್ ಐ ಹ್ಯಾಡ್’, ‘ಐ ವಿಶ್ ಐ ಕುಡ್’. ‘ಇಫ್ ಐ ವರ್’ ಅದರ ಬೆನ್ನಿಗೆ ತಾನಾಗಿ ಬರುತ್ತದೆ. ‘ಹ್ಯಾಡ್ ಫಾಲನ್’ ಎಂಟರ ಮೊದಲು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಮಗು ತಪ್ಪು ಹೇಳಿದಾಗ ತಡೆದು ತಿದ್ದಿದರೆ ಕನಸು ಅಲ್ಲಿಗೇ ಮುರಿಯುತ್ತದೆ. ‘ಐ ವಿಶ್ ಐ ಕ್ಯಾನ್ ಫ್ಲೈ’ ಎಂದಳು ಎಂದುಕೊಳ್ಳಿ. ‘ಓಹ್, ಯೂ ವಿಶ್ ಯೂ ಕುಡ್ ಫ್ಲೈ? ವೇರ್ ವುಡ್ ಯೂ ಗೋ?’ ಎಂದು ಕೇಳಿ. ನಿಮ್ಮ ಬಾಯಿಂದ ‘ಕುಡ್’ ಒಂದು ಸಲ, ‘ವುಡ್’ ಒಂದು ಸಲ ಅವಳ ಕಿವಿಗೆ ಬಿತ್ತು. ಅವಳ ಗಮನ ಮಾತ್ರ ಎಲ್ಲಿಗೆ ಹಾರಬೇಕು ಎಂಬುದರ ಮೇಲೇ ಇದೆ. ‘ಐ ವುಡ್ ಗೋ ಟು ಯಾಣ’ ಎಂದು ಉತ್ತರ ಬಂತು ಒಮ್ಮೆ. ಯಾಕೆ ಎಂದರೆ, ಅಷ್ಟು ಮೆಟ್ಟಿಲು ಹತ್ತುವುದು ತಪ್ಪುತ್ತದಂತೆ. ಅಲ್ಲಿಂದ ಸರಪಳಿ ಆಟ: ಒಬ್ಬರ ಫಲ ಇನ್ನೊಬ್ಬರ ಷರತ್ತು. ಮಳೆ ಬಂದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಅಕ್ಕೋರಿಲ್ಲ, ಅಕ್ಕೋರಿಲ್ಲದಿದ್ದರೆ ಟೆಸ್ಟಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹದಿನೈದು ಮಕ್ಕಳು ಸಾಲಾಗಿ ಹೇಳಿದಾಗ ಕೊನೆಗೆ ನಾನು ಯಾವ ಗತಿಗೆ ಬಂದಿದ್ದೆ ಎಂದು ಬರೆಯುವುದು ಬೇಡ.

ನಮ್ಮ ಶಾಲೆಗಳಲ್ಲಿ ‘ನಾನು ಮುಖ್ಯಮಂತ್ರಿಯಾದರೆ’ ಎಂಬ ಪ್ರಬಂಧ ಬರೆಸುವ ರೂಢಿ ಹಳೆಯದು. ಕನ್ನಡದ ‘ಆದರೆ’ಯಲ್ಲಿ ಒಂದು ಔದಾರ್ಯವಿದೆ, ಆಗಲೂಬಹುದು ಎಂಬ ಜಾಗ ಬಿಟ್ಟಿರುತ್ತದೆ. ಅದನ್ನು ಇಂಗ್ಲಿಷಿಗೆ ತರುವಾಗ ನಾವು ಯೋಚಿಸದೆ ‘ಇಫ್ ಐ ವರ್ ದ ಚೀಫ್ ಮಿನಿಸ್ಟರ್’ ಎಂದು ಕೊಡುತ್ತೇವೆ. ‘ಇಫ್ ಐ ಬಿಕಮ್’ ಎಂದೂ ಕೊಡಬಹುದು, ಆಗ ಮುಂದೆ ‘ಐ ವಿಲ್’. ಯಾವುದನ್ನು ಆರಿಸಬೇಕು ಎಂದು ವ್ಯಾಕರಣ ಹೇಳುವುದಿಲ್ಲ. ಬರೆಯುವ ಮಗುವೇ ಹೇಳಬೇಕು.

ಆ ಜುಲೈಯ ‘ಇಫ್ ಐ ವರ್ ದ ಡಿಸಿ’ಗೆ ಮತ್ತೆ ಬರುತ್ತೇನೆ. ಮರುದಿನ ನೋಟ್‌ಬುಕ್ ತಿದ್ದಲು ಕೂತೆ. ಎಲ್ಲರೂ ‘ಐ ವುಡ್ ಗಿವ್ ಹಾಲಿಡೇ’ ಎಂದೇ ಬರೆದಿದ್ದರು. ಕೆಲವರು ಒಂದು ವಾರ, ಒಬ್ಬ ಇಡೀ ಜುಲೈ ರಜೆ ಕೊಟ್ಟಿದ್ದ. ಹಿಂದಿನ ಬೆಂಚಿನ ಒಬ್ಬಳು ನಾನು ಕೊಟ್ಟ ಅರ್ಧ ವಾಕ್ಯವನ್ನೇ ಹೊಡೆದುಹಾಕಿ ತನ್ನದು ಬರೆದಿದ್ದಳು: ‘ವೆನ್ ಐ ಬಿಕಮ್ ದ ಡಿಸಿ, ಐ ವಿಲ್ ಗಿವ್ ಹಾಲಿಡೇ ದ ನೈಟ್ ಬಿಫೋರ್’. ‘ವರ್’ ಇಲ್ಲ, ‘ಇಫ್’ ಕೂಡ ಇಲ್ಲ. ಕರೆದು ಕೇಳಿದೆ, ಹಿಂದಿನ ರಾತ್ರಿಯೇ ಯಾಕೆ? ‘ನಮ್ಮೂರಲ್ಲಿ ಮಳೆ ಬಂದ್ರೆ ಬೆಳಗ್ಗೆ ನೆಟ್‌ವರ್ಕ್ ಇರೂದಿಲ್ಲ ಅಕ್ಕೋರೇ, ರಜೆ ಅಂತ ಗೊತ್ತಾಗೂದಿಲ್ಲ’ ಎಂದಳು.

‘ಹಾಲಿಡೇ’ ಮುಂದೆ ‘ಎ’ ಬಿಟ್ಟಿತ್ತು. ಅದೊಂದನ್ನು ಸೇರಿಸಿ ಪುಸ್ತಕ ವಾಪಸ್ ಕೊಟ್ಟೆ.